ಮೆನು ಇಲ್ಲದೆ ಒಲೆ ಹಚ್ಚುವ ಹಾಗಿಲ್ಲ

ನಮ್ಮ ಚಿಕ್ಕಪ್ಪ ಜೀವಮಾನದಲ್ಲಿ ಒಂದು ಹಿಡಿ ಅಕ್ಕಿ ಬೇಯಿಸಿದವರಲ್ಲ. ಹಾಲು ಉಕ್ಕುವುದನ್ನು ಕಂಡರೆ "ಅತ್ತಿಗೆ, ಹಾಲು ಎದ್ದು ಬತ್ತಾ ಅದೆ" ಎಂದು ಕೂಗುತ್ತಿದ್ದರೇ ಹೊರತು ಪಾತ್ರೆ ಇಳಿಸಬೇಕೆಂದು ಅವರಿಗೆ ಹೊಳೆಯುತ್ತಿರಲಿಲ್ಲ. ಅಂಥವರು ಒಂದು ಬೇಸಿಗೆ ನಮ್ಮ ಅಡಿಗೆಮನೆಯನ್ನು ಆಳಿದರು ಎಂದರೆ ನಂಬುತ್ತೀರಾ? ನಂಬಬೇಡಿ ಬಿಡಿ. ಆಳಿಸಿಕೊಂಡ ನಮಗೇ ಇನ್ನೂ ನಂಬಿಕೆ ಬಂದಿಲ್ಲ!

ಮೊದಲು ಅವರ ಕಾಲಿನ ವಿಷಯ ಹೇಳಿಬಿಡುತ್ತೇನೆ. ಅವು ಒಂದು ಕಡೆ ನಿಲ್ಲುವ ಕಾಲುಗಳಲ್ಲ. ಉಣ್ಣಲು ಕೂತರೆ ಸಾರು ಬಡಿಸುವಷ್ಟರಲ್ಲಿ ಎದ್ದು, ಬಾಗಿಲಿಗೆ ಯಾರೋ ಬಂದ ಹಾಗಾಯಿತು ಎಂದು ನೋಡಿಬರುತ್ತಿದ್ದರು. ಕ್ಷೌರದವನು ಅರ್ಧ ಗಡ್ಡ ಕೆರೆದು, ಇನ್ನರ್ಧಕ್ಕೆ ಕತ್ತಿ ಹಿಡಿದುಕೊಂಡು ಹಿತ್ತಲಿನ ತನಕ ಅವರ ಹಿಂದೆ ನಡೆಯಬೇಕಿತ್ತು. ಅವರು ಮದುವೆಯಾಗದೆ ಉಳಿದದ್ದೂ ಇದೇ ಕಾರಣಕ್ಕೆ ಎಂದು ಅಜ್ಜಿ ಹೇಳುತ್ತಿದ್ದರು. ಹೆಣ್ಣು ನೋಡಲು ಹೋದ ಮನೆಯಲ್ಲಿ ಹುಡುಗಿ ಉಪ್ಪಿಟ್ಟಿನ ತಟ್ಟೆ ತರುವ ಹೊತ್ತಿಗೆ ವರ ಹಿತ್ತಲಲ್ಲಿ ನಿಂತು ಮೆಣಸಿನ ಬಳ್ಳಿ ನೋಡುತ್ತಿದ್ದರಂತೆ. ಬಳ್ಳಿ ಚೆನ್ನಾಗಿತ್ತು ಎಂದು ಮಾತ್ರ ಮನೆಗೆ ಬಂದು ಹೇಳಿದರಂತೆ.

ಆಗ ಕೊಡಗು ಬಿಳಿಯರ ಕೈಯಲ್ಲಿತ್ತು. ನಮ್ಮೂರು ಶನಿವಾರಸಂತೆಯ ಮಗ್ಗುಲಲ್ಲಿ. ಒಂದು ಗುಡ್ಡ ಇಳಿದರೆ ಮೈಸೂರು ಮಹಾರಾಜರ ಸೀಮೆ. ಚಿಕ್ಕಪ್ಪ ಮಾತ್ರ ಅಷ್ಟು ದೂರ, ಸಿದ್ದಾಪುರದ ಕಡೆ, ಒಬ್ಬ ದೊರೆಯ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ರೈಟರ್ ಅಂದರೆ ಕತೆ ಬರೆಯುವವರು ಎಂದುಕೊಳ್ಳಬೇಡಿ. ಬೆಳಿಗ್ಗೆ ಎದ್ದು ಲೈನುಮನೆಗಳಲ್ಲಿರುವ ಆಳುಗಳ ಹಾಜರಿ ಹಿಡಿಯುವುದು, ಯಾರು ಯಾವ ತೋಟಕ್ಕೆ ಎಂದು ಕೂಗಿ ಹೇಳುವುದು, ಆಮೇಲೆ ದಿನವಿಡೀ ಗುಡ್ಡ ಹತ್ತಿ ಇಳಿಯುವುದು. ಅವರ ಕಾಲಿಗೆ ಹೇಳಿ ಮಾಡಿಸಿದ ಕೆಲಸ. ಆ ವರ್ಷ ಕಾಫಿ ಹಣ್ಣಿನ ಪಿಕ್ಕಿಂಗ್ ಮುಗಿದ ಮೇಲೆ ದೊರೆ ದೊರೆಸಾನಿಯನ್ನು ಕರೆದುಕೊಂಡು ಬಿಲಾತಿಗೆ ಹೊರಟರು. ಹೊರಡುವಾಗ ರೈಟರಿಗೆ ಬೇಸಿಗೆ ಮುಗಿಯುವ ತನಕ ರಜೆ ಕೊಟ್ಟರು. ದೊರೆಗೇನು, ಹಡಗು ಹತ್ತಿ ಹೋದರು. ಅನುಭವಿಸಿದವರು ನಾವು.

ನಮ್ಮ ಮನೆಯಾದರೂ ಆಗ ನೆಮ್ಮದಿಯಲ್ಲಿತ್ತೇ? ಇರಲಿಲ್ಲ. ಅಕ್ಕನಿಗೆ ಒಂದು ಸಂಬಂಧ ಬಂದಿತ್ತು. ಹುಡುಗ ಸೋಮವಾರಪೇಟೆಗೆ ಈಚೆಯ ಒಂದು ಊರಿನಲ್ಲಿ ಮೇಷ್ಟ್ರು. ಮಾಘದಲ್ಲಿ ತಾಯಿ ಮಗ ಇಬ್ಬರೂ ಬಂದು ಹುಡುಗಿ ನೋಡಿ, "ಯುಗಾದಿ ಕಳೀಲಿ, ಹೇಳಿ ಕಳಿಸ್ತೀವಿ" ಎಂದು ಹೋಗಿದ್ದರು. ಯುಗಾದಿ ಕಳೆಯಿತು. ಹೇಳಿ ಕಳಿಸಲಿಲ್ಲ. ಕಾಫಿ ಹೂವಿಗೆ ಬರಬೇಕಾದ ಮಳೆಯೂ ಬರಲಿಲ್ಲ. ಬಿಸಿಲಿಗೆ ಅಂಗಳ ಕಾದು ಕೆಂಡವಾಗುತ್ತಿತ್ತು. ಮಧ್ಯಾಹ್ನ ಮೋಡ ಕಟ್ಟಿ, ಗುಡುಗಿ, ಸಂಜೆಗೆ ಏನೂ ಇಲ್ಲದೆ ಚದುರುತ್ತಿತ್ತು. ಅಪ್ಪಯ್ಯ ಮೋಡ ನೋಡುವ ನೆಪದಲ್ಲಿ ದಾರಿ ನೋಡುತ್ತಿದ್ದರು. ಅವ್ವ ಒಂದು ದಿನ ಸಾರಿಗೆ ಎರಡು ಸಲ ಉಪ್ಪು ಹಾಕಿದರೆ ಇನ್ನೊಂದು ದಿನ ಹಾಕುವುದನ್ನೇ ಮರೆಯುತ್ತಿದ್ದರು. ನಾಯಿ ಬೊಗಳಿದರೆ ಅಕ್ಕನ ಕೈಯಲ್ಲಿದ್ದದ್ದು ಕೆಳಗೆ ಬೀಳುತ್ತಿತ್ತು. ಹಿಂದೆ ಬಂದ ಸಂಬಂಧಗಳಿಗೆಲ್ಲ ಮುಖ ತಿರುಗಿಸಿದವಳು ಈ ಸಲ ನನ್ನ ಹತ್ತಿರ, "ಮೇಷ್ಟ್ರು ಒಂದ್ಸಲ ನಕ್ಕರು, ನೋಡಿದ್ಯಾ?" ಎಂದು ಕೇಳಿದ್ದಳು. ನಾನು ನೋಡಿರಲಿಲ್ಲ, ಕೋಡುಬಳೆ ತಿನ್ನುತ್ತಿದ್ದೆ. ಆದರೂ ನೋಡಿದೆ ಎಂದೆ. ಅವಳಿಗೆ ಈ ಮದುವೆ ಬೇಕು ಎಂದು ನನಗೆ ಅಂದೇ ತಿಳಿಯಿತು.

ಇಂಥ ಮನೆಗೆ ಚಿಕ್ಕಪ್ಪ ಟ್ರಂಕು ಹೊತ್ತು ಬಂದಿಳಿದರು. ಬಂದ ಮಾರನೆಯ ದಿನಕ್ಕೇ ಅವರಿಗೆ ಮಾಡಲು ಕೆಲಸ ಉಳಿಯಲಿಲ್ಲ. ಬೇಲಿ ಸರಿಮಾಡಿದರು, ಸರಿಯಿದ್ದ ಬೇಲಿಯನ್ನೂ ಸರಿಮಾಡಿದರು. ಸಂಜೆ ಆಗುತ್ತಿದ್ದಂತೆ ಅವ್ವ ಅಡಿಗೆಮನೆಯ ಬಾಗಿಲಿಗೆ ಬಂದು, ಎಲ್ಲ ಮನೆಯ ಅವ್ವಂದಿರೂ ಕೇಳುವ ಹಾಗೆ ಕೇಳಿದರು.

"ರಾತ್ರಿಗೆ ಏನ್ ಮಾಡ್ಲಿ?"

"ಏನಾದ್ರೂ ಮಾಡು" ಎಂದರು ಅಪ್ಪಯ್ಯ.

"ನಂಗೇನವ್ವ, ಹಲ್ಲಿಲ್ಲದ ಬಾಯಿ" ಎಂದರು ಅಜ್ಜಿ.

ನಾನು ಶಾವಿಗೆ ಎಂದೆ. ನನ್ನ ಮಾತನ್ನು ಯಾರೂ ಲೆಕ್ಕಕ್ಕೆ ಇಡಲಿಲ್ಲ. ಅವ್ವ ನಿಟ್ಟುಸಿರು ಬಿಟ್ಟು ಒಳಗೆ ಹೋದರು. ಮಾರನೆಯ ಸಂಜೆಯೂ ಇದೇ ಪ್ರಶ್ನೆ, ಇದೇ ಉತ್ತರ, ಇದೇ ನಿಟ್ಟುಸಿರು. ಚಿಕ್ಕಪ್ಪನಿಗೆ ತಡೆಯಲಾಗಲಿಲ್ಲ. ಎದ್ದು ನಿಂತರು ಎಂದು ಬರೆಯಬೇಕು, ಆದರೆ ಅವರು ಕೂತಿದ್ದರೆ ತಾನೇ?

"ಅತ್ತಿಗೆ, ಇದನ್ನ ದಿನಾ ಕೇಳ್ತೀರಾ?"

"ಒಲೆ ದಿನಾ ಹಚ್ತೀನಲ್ಲಪ್ಪ."

"ನಮ್ಮ ದೊರೆಸಾನಿ ಕೇಳಲ್ಲ. ಭಾನುವಾರ ಬಟ್ಲರ್‌ನ ಕರೆದು, ವಾರ ಪೂರ್ತಿ ಸಂಜೆ ಊಟಕ್ಕೆ ಏನೇನು ಅಂತ ಒಂದೇ ಸಲ ಹೇಳಿಬಿಡ್ತಾರೆ. ಅದಕ್ಕೆ ಮೆನು ಅಂತಾರೆ. ಆಮೇಲೆ ಆ ಬಂಗಲೇಲಿ ಯಾರೂ ಯಾರನ್ನೂ ಏನೂ ಕೇಳೋ ಹಂಗಿಲ್ಲ."

"ಬಟ್ಲರ್ ಇದ್ದಿದ್ರೆ ನಾನೂ ಹೇಳ್ತಿದ್ದೆ" ಎಂದರು ಅವ್ವ.

ಚಿಕ್ಕಪ್ಪ ಅದನ್ನು ಒಪ್ಪಿಗೆ ಎಂದೇ ತಿಳಿದರು. ಜಗಲಿಯ ತುದಿಗೆ ಹೋಗಿ ನಿಂತು, ಎಸ್ಟೇಟಿನಲ್ಲಿ ಹಾಜರಿ ಕೂಗುವ ದನಿಯಲ್ಲಿ ಸಾರಿದರು: "ಇನ್ಮೇಲೆ ಈ ಮನೇಲಿ ಮೆನು ಇಲ್ದೆ ಒಲೆ ಹಚ್ಚೋ ಹಂಗಿಲ್ಲ." ಆ ದನಿ ಎದುರು ಗುಡ್ಡದ ಆಳುಗಳಿಗೂ ಕೇಳಲೆಂದು ಪಳಗಿಸಿದ ದನಿ. ನಾವು ಕೇಳಿಸಿಕೊಂಡವರು ನಾಲ್ಕೈದು ಜನ. ನಮ್ಮ ಮನೆಯವರು ಮಾತ್ರವೇ ಕೇಳಿಸಿಕೊಂಡರು ಎಂದು ಆಗ ಅಂದುಕೊಂಡೆವು.

ಅವರ ಮೆನು ದೊರೆಸಾನಿಯದರಂತೆ ದೊಡ್ಡದಲ್ಲ, ಅದನ್ನು ಒಪ್ಪಬೇಕು. ಬೇಸಿಗೆ, ಹೊಟ್ಟೆ ತಣ್ಣಗಿರಬೇಕು, ಅತ್ತಿಗೆ ಒಲೆಯ ಮುಂದೆ ಹೆಚ್ಚು ಹೊತ್ತು ಬೇಯಬಾರದು. ಹಾಗಾಗಿ ಸಂಜೆಗೆ ಒಂದು ಮುಖ್ಯ, ಅದರ ಜೊತೆ ಒಂದು, ಅಷ್ಟೇ. ಸೋಮವಾರ ಮುದ್ದೆ, ಹುರುಳಿಕಾಳಿನ ಸಾರು. ಮಂಗಳವಾರ ಅನ್ನ, ಮಜ್ಜಿಗೆ ಹುಳಿ. ಬುಧವಾರ ಅಕ್ಕಿ ರೊಟ್ಟಿ, ಬಸಳೆ ಪಲ್ಯ. ಶುಕ್ರವಾರ ಸೊಪ್ಪಿನ ಸಾರು, ಶನಿವಾರ ನುಚ್ಚಿನ ಗಂಜಿಗೆ ಸುಟ್ಟ ಸಂಡಿಗೆ. ಹೀಗೆ ವಾರವನ್ನು ಬೆರಳ ಮೇಲೆ ಎಣಿಸಿ, ಅಂಗಳದಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಗೂ ಕೆಲಸ ಹಂಚಿದರು. ನನಗೆ ಸೊಪ್ಪು ಬಿಡಿಸುವುದು. ಅಕ್ಕನಿಗೆ ರುಬ್ಬುವುದು. ತಮ್ಮ ಹೆತ್ತ ತಾಯಿಗೆ ಹುರುಳಿಕಾಳಿನ ಕಲ್ಲು ಆರಿಸುವುದು.

"ನನ್ನ ಹಾಜರಿ ಹಾಕ್ಕೊಂಡ್ಯೇನ್ಲಾ?" ಎಂದರು ಅಜ್ಜಿ.

"ಹಾಕ್ಕೊಂಡೆ ಅವ್ವ. ಅರ್ಧ ಆಳು."

ಅಜ್ಜಿ ಆ ದಿನ ಮೊರ ಮುಟ್ಟಲಿಲ್ಲ. ಸೋಮವಾರದ ಸಾರಿನಲ್ಲಿ ನಮಗೆ ಕಲ್ಲು ಸಿಕ್ಕಿತು. ಮೊದಲನೆಯದು ಚಿಕ್ಕಪ್ಪನ ಹಲ್ಲಿಗೇ ಸಿಕ್ಕಿದ್ದು ದೇವರ ನ್ಯಾಯ.

ಮಂಗಳವಾರ ಮಜ್ಜಿಗೆ ಹುಳಿ ಎಂದು ಗೊತ್ತುಮಾಡಿದವರು ಹಸುವನ್ನು ಕೇಳಿರಲಿಲ್ಲ. ಬೇಸಿಗೆಯ ಹಸು, ಹುಲ್ಲೆಲ್ಲ ಒಣಗಿ ಮೊದಲೇ ಸಿಟ್ಟಿನಲ್ಲಿತ್ತು. ಬೆಳಿಗ್ಗೆ ಚೊಂಬು ಒದ್ದು ಹಾಲು ಚೆಲ್ಲಿತು, ಇದ್ದ ಮಜ್ಜಿಗೆಯನ್ನು ಬಿಸಿಲಲ್ಲಿ ಬಂದ ಅಪ್ಪಯ್ಯ ಕುಡಿದು ಮುಗಿಸಿದರು. ಚಿಕ್ಕಪ್ಪ ಕೊಟ್ಟಿಗೆಗೆ ಹೋಗಿ, ಸೊಂಟಕ್ಕೆ ಕೈ ಕೊಟ್ಟು, ಹಸುವಿನ ಮುಂದೆ ಬಹಳ ಹೊತ್ತು ನಿಂತಿದ್ದರು. ಏನು ಮಾತಾಯಿತೋ ತಿಳಿಯದು. ಸಂಜೆ ತೆಂಗಿನಕಾಯಿ, ಜೀರಿಗೆ, ಹಸಿಮೆಣಸು ರುಬ್ಬಿ ಹಾಕಿ, ಸೌತೆಕಾಯಿ ಬೇಯಿಸಿ, ಮಜ್ಜಿಗೆಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಸೇರಿಸಿ ಅವ್ವ ತಂದಿಟ್ಟರು.

"ಇದೇನಿದು?" ಎಂದು ಕೇಳಿದರು ಅಪ್ಪಯ್ಯ.

"ಮಜ್ಜಿಗೆ ಹುಳಿ" ಎಂದರು ಚಿಕ್ಕಪ್ಪ, ಮುಖ ಗಂಟಿಕ್ಕಿಕೊಂಡು.

"ಮಜ್ಜಿಗೆ ಎಲ್ಲಿ?"

ಅಜ್ಜಿ ಎಲೆಗೆ ನೀರು ಚಿಮುಕಿಸುತ್ತಾ ಹೇಳಿದರು: "ನನ್ನ ಮಗ ಹೆಸರು ಬಡಿಸವ್ನೆ. ಉಣ್ರಿ."

ಅಪ್ಪಯ್ಯನಿಗೆ ಮುದ್ದೆ ಇಲ್ಲದ ರಾತ್ರಿ ರಾತ್ರಿಯೇ ಅಲ್ಲ. ಮೆನುವಿನಲ್ಲಿ ಅವರ ಪಾಲಿಗೆ ಬಂದದ್ದು ಸೋಮವಾರ ಒಂದೇ. ಅಣ್ಣನೆನ್ನುವ ಗೌರವ ಉಳಿಸಿಕೊಳ್ಳಲು ಅವರು ಜಗಳವಾಡಲಿಲ್ಲ, ಕಳ್ಳತನಕ್ಕೆ ಇಳಿದರು. ಬುಧವಾರ ರೊಟ್ಟಿಯ ಮುಂದೆ ಕೂತು, "ಯಾಕೋ ಹೊಟ್ಟೆ ಸರಿಯಿಲ್ಲ" ಎಂದು ಎದ್ದು, ಗದ್ದೆಯ ಕಡೆ ಒಂದು ಸುತ್ತು ಹೋಗಿಬರುತ್ತೇನೆ ಎಂದು ಹೊರಟರು. ಗದ್ದೆಯ ಗುಡಿಸಿಲಲ್ಲಿ ಆಳುಮನುಷ್ಯನ ಒಲೆ ಉರಿಯುತ್ತಿತ್ತು. ಹೊಟ್ಟೆ ಸರಿಮಾಡಿಕೊಂಡು, ನೆಮ್ಮದಿಯಾಗಿ ತೇಗುತ್ತಾ ಬಂದರು. ಜಗಲಿಯಲ್ಲಿ ಶತಪಥ ಹಾಕುತ್ತಿದ್ದ ಚಿಕ್ಕಪ್ಪ ಲಾಂದ್ರ ಎತ್ತಿ ಹಿಡಿದು ಅಣ್ಣನ ಮುಖ ನೋಡಿದರು.

"ಅಣ್ಣಯ್ಯ, ಮೀಸೆ ಮೇಲೆ ಸೋಮವಾರ ಅಂಟ್ಕೊಂಡದೆ."

ನನ್ನ ಕಷ್ಟ ಯಾರಿಗೆ ಹೇಳಲಿ? ನನಗೆ ಸಂಡಿಗೆ ಎಂದರೆ ಜೀವ. ಮಂಗಳವಾರ ಬಾಯಿ ಚಪಲವಾಗಿ ಒಂದು ಸಂಡಿಗೆ ಸುಟ್ಟುಕೊಡಿ ಎಂದು ಕೇಳಿದರೆ, "ಶನಿವಾರದ ತನಕ ಆಸೆ ಇಟ್ಕೊ, ರುಚಿ ಹೆಚ್ಚಾಯ್ತದೆ" ಎನ್ನುತ್ತಿದ್ದರು. ಅವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬಿಲಾತಿಯ ಹಡಗು ಬೇಗ ವಾಪಸ್ಸು ಬರಲಪ್ಪ ಎಂದು ದಿನಾ ಬಸವಣ್ಣನ ಮುಂದೆ ಕೈ ಮುಗಿಯುತ್ತಿದ್ದೆ.

ಹೀಗಿದ್ದೂ ನಾವು ಯಾಕೆ ಸಹಿಸಿಕೊಂಡೆವು? ಹೇಳುತ್ತೇನೆ. ಮೆನುವಿನ ಜಗಳ ನಡೆಯುತ್ತಿರುವಷ್ಟು ಹೊತ್ತು ಮನೆಯಲ್ಲಿ ಯಾರೂ ದಾರಿಯ ಕಡೆ ನೋಡುತ್ತಿರಲಿಲ್ಲ. ಮೀಸೆಯ ಸೋಮವಾರಕ್ಕೆ ಅಕ್ಕ ಎಷ್ಟು ನಕ್ಕಳೆಂದರೆ ಕಣ್ಣಲ್ಲಿ ನೀರು ಬಂತು. ಅವಳು ಹಾಗೆ ನಕ್ಕು ವಾರಗಳಾಗಿದ್ದವು. ಅವ್ವ ಅವಳ ಮುಖ ನೋಡಿ, ಚಿಕ್ಕಪ್ಪನಿಗೆ ಇನ್ನೊಂದು ರೊಟ್ಟಿ ಹಾಕಿದರು. ನನಗೂ ಆಗ ಚಿಕ್ಕಪ್ಪನ ಮೇಲೆ ಪ್ರೀತಿ ಬಂತು. ಮಾರನೆಯ ಬೆಳಿಗ್ಗೆ ಅವರು ನನ್ನನ್ನು ಬೆಳಕು ಹರಿಯುವ ಮೊದಲೇ ಎಬ್ಬಿಸಿ ಸೊಪ್ಪಿನ ಪಾತಿಗೆ ಅಟ್ಟುವ ತನಕ ಇತ್ತು.

ಇನ್ನು ನಮ್ಮದು ಲಿಂಗ ಕಟ್ಟಿದ ಮನೆ ಎನ್ನುವುದನ್ನು ಇಲ್ಲಿ ಹೇಳಬೇಕು. ಮಾಂಸ ಮೀನುಗಳ ಮಾತು ನಮ್ಮ ಬಾಯಲ್ಲೇ ಬರುತ್ತಿರಲಿಲ್ಲ. ಹೊಳೆಯಲ್ಲಿ ಮೀನು ಕಂಡರೂ ಅಜ್ಜಿ "ನೀರಿನ ಹುಳ" ಎನ್ನುತ್ತಿದ್ದರು. ಸುತ್ತಮುತ್ತಲ ನಮ್ಮವರ ಮನೆಗಳೆಲ್ಲ ಹೀಗೆಯೇ. ಅಂಥ ಊರಿನಲ್ಲಿ ಚಿಕ್ಕಪ್ಪ ಜಗಲಿಯ ತುದಿಗೆ ನಿಂತು, ಎದುರು ಗುಡ್ಡಕ್ಕೆ ಕೇಳುವ ಹಾಗೆ, ಯಾರೂ ಕೇಳದಿದ್ದ ಒಂದು ಇಂಗ್ಲಿಷ್ ಪದ ಕೂಗಿದ್ದರಲ್ಲ! ಕಿವಿಗೆ ಗೊತ್ತಿಲ್ಲದ ಮಾತು ಬಿದ್ದರೆ ಅದು ಸುಮ್ಮನಿರುತ್ತದೆಯೇ? ಗೊತ್ತಿರುವ ಮಾತಿಗೆ ತಂದು ಕಟ್ಟುತ್ತದೆ. ಬೇಲಿಯಾಚೆ ಮೆಣಸಿನಕಾಯಿ ಒಣಗಿಸುತ್ತಿದ್ದ ಪಕ್ಕದ ಮನೆಯ ದೊಡ್ಡವ್ವನಿಗೆ ಕೇಳಿಸಿದ್ದು ಇಷ್ಟು: "ಇನ್ಮೇಲೆ ಈ ಮನೇಲಿ ಮೀನು ಇಲ್ದೆ ಒಲೆ ಹಚ್ಚೋ ಹಂಗಿಲ್ಲ."

ಬಂದು ಕೇಳಿದ್ದರೆ ಅಲ್ಲೇ ಮುಗಿಯುತ್ತಿತ್ತು. ಅವರು ಕೇಳಲಿಲ್ಲ, ದೊಡ್ಡ ಮನಸ್ಸಿನವರು, ನಮ್ಮ ಮಾನ ಉಳಿಸಬೇಕೆಂದು ನಮ್ಮನ್ನು ಬಿಟ್ಟು ಊರಿಗೆಲ್ಲ ಹೇಳಿದರು. ಶನಿವಾರದ ಸಂತೆಗೆ ಹೋಗಿಬರುವಷ್ಟರಲ್ಲಿ ಸುದ್ದಿ ಬಲಿತಿತ್ತು. ಸಿದ್ದಾಪುರದ ಎಸ್ಟೇಟಿನಲ್ಲಿ ದೊರೆಯ ಬಟ್ಲರ್ ಹತ್ತಿರ ರೈಟರು ಕಲಿತದ್ದಂತೆ, ಟ್ರಂಕಿನ ತುಂಬ ಒಣಮೀನು ತಂದಿದ್ದಾರಂತೆ, ದಿನಕ್ಕೊಂದು ಜಾತಿಯದು ಗೊತ್ತುಮಾಡಿದ್ದಾರಂತೆ, ಮುದುಕಿಯ ಕೈಯಲ್ಲಿ ಮುಳ್ಳು ತೆಗೆಸುತ್ತಿದ್ದಾರಂತೆ. ಬಾಯಿಂದ ಬಾಯಿಗೆ ಹೋಗುವಾಗ ಮೀನಿಗೂ ರೆಕ್ಕೆ ಬರುತ್ತದೆ! ಅದು ಹಾರಿಹೋಗಿ ಇಳಿದದ್ದು ಸೋಮವಾರಪೇಟೆಯ ಕಡೆ, ಮೇಷ್ಟ್ರ ಮನೆಯ ಜಗಲಿಯಲ್ಲಿ.

ಸಂಬಂಧ ತಂದಿದ್ದವರು ಅಪ್ಪಯ್ಯನ ಹಳೆಯ ಗೆಳೆಯರು. ಒಂದು ಮಧ್ಯಾಹ್ನ ಅವರು ಬಂದರು. ಅವ್ವ ಪಾನಕ ಕೊಟ್ಟರು. ಅವರು ಲೋಟ ಕೈಯಲ್ಲಿ ಹಿಡಿದು, ನೋಡಿ, ಕುಡಿಯದೆ ಕೆಳಗಿಟ್ಟರು. ಅಷ್ಟು ಬಿಸಿಲಿನಲ್ಲಿ ನಡೆದು ಬಂದ ಮನುಷ್ಯ ಪಾನಕ ಕುಡಿಯದಿದ್ದಾಗಲೇ ಸುದ್ದಿ ಎಂಥದ್ದೆಂದು ನಮಗೆ ತಿಳಿಯಿತು.

"ಹುಡುಗನ ಕಡೆಯೋರು ಬೇಡ ಅಂದವ್ರೆ" ಎಂದರು.

"ಯಾಕೆ?"

"ಹುಡುಗೀನ ಒಂದು ಮಾತೂ ಅಂದಿಲ್ಲ. ಆದ್ರೆ ಮೀನಿಲ್ದೆ ಒಲೆ ಹಚ್ಚದ ಮನೆಯಿಂದ ಸೊಸೆ ತರೋದು ಹೆಂಗೆ ಅಂತ ಆ ತಾಯಿ ಕೇಳ್ತಾರೆ. ನಾನೇನು ಹೇಳ್ಲಿ?"

ಮೊದಲು ಅರ್ಥವಾದದ್ದು ಚಿಕ್ಕಪ್ಪನಿಗೆ. ಅವರು ಗಟ್ಟಿಯಾಗಿ ನಕ್ಕರು. "ಮೀನಲ್ಲ, ಮೆನು" ಎಂದು ನಗುತ್ತಾ ಅಂಗಳದ ತುಂಬ ಓಡಾಡಿದರು. ಓಡಾಡುತ್ತಾ ತಿರುಗಿದಾಗ ನಡುಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ ಕಂಡಳು. ಅವರ ನಗು ಅಲ್ಲಿಗೇ ನಿಂತಿತು. ಅಕ್ಕ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ರುಬ್ಬುವ ಕಲ್ಲಿನ ಸದ್ದು ಕೇಳಿಸಿತು. ನಾನು ಹೋಗಿ ನೋಡಿದೆ. ಒರಳಿನಲ್ಲಿ ಏನೂ ಇರಲಿಲ್ಲ. ಬರಿಯ ಕಲ್ಲನ್ನೇ ತಿರುವುತ್ತಿದ್ದಳು.

ಅಪ್ಪಯ್ಯನಿಗೆ ಸಿಟ್ಟು ಬರುವುದು ಅಪರೂಪ. ಅಂದು ಬಂತು. "ಕಾಲು ಓಡಿಸಿದ್ದು ಸಾಲ್ದು ಅಂತ ಬಾಯೂ ಓಡಿಸ್ದೆ" ಎಂದರು ತಮ್ಮನಿಗೆ. ಅವ್ವ ಅಷ್ಟೂ ಹೇಳಲಿಲ್ಲ. "ಇವತ್ತಿಂದ ನನ್ನ ಒಲೆ ನಂದು" ಎಂದು ಅಡಿಗೆಮನೆಯ ಬಾಗಿಲು ಮುಂದೆ ಮಾಡಿಕೊಂಡರು. ಮೆನುವಿನ ರಾಜ್ಯ ಅಲ್ಲಿಗೆ ಮುಗಿಯಿತು. ಗೆದ್ದ ಸಂತೋಷ ಮಾತ್ರ ಯಾರಿಗೂ ಇರಲಿಲ್ಲ, ಸಂಡಿಗೆಯ ಡಬ್ಬಿ ಕೈಗೆ ಸಿಕ್ಕಿದ ನನಗೂ ಇರಲಿಲ್ಲ.

ಬೆಳಿಗ್ಗೆ ನೋಡಿದರೆ ಚಿಕ್ಕಪ್ಪ ಮನೆಯಲ್ಲಿರಲಿಲ್ಲ. ಅವರ ಕೊಡೆ, ಎಸ್ಟೇಟಿನ ಬೂಟು ಇರಲಿಲ್ಲ. ಸೋಮವಾರಪೇಟೆಯ ದಾರಿ ಹಿಡಿದು ನಡೆದುಹೋದರೆಂದು ಆಳುಮನುಷ್ಯ ಹೇಳಿದ. ಆ ಕಾಲದಲ್ಲಿ ಬಸ್ಸು ಇರಲಿಲ್ಲ ಎಂದಲ್ಲ. ಬಸ್ಸು ಬರುವ ತನಕ ನಿಲ್ಲಬೇಕಿತ್ತಲ್ಲ! ಆ ದಿನ ಚಿಕ್ಕಪ್ಪ ಬರಲಿಲ್ಲ. ಮಾರನೆಯ ದಿನ ಇಳಿಹೊತ್ತಿಗೆ ಬಂದರು. ಮುಖ ಸುಟ್ಟು ಕೆಂಪಾಗಿತ್ತು, ಬೂಟು ಕೈಯಲ್ಲಿತ್ತು. ಜಗಲಿಗೆ ಬಂದವರೇ ಕೂತರು. ಕೂತವರು ಏಳಲಿಲ್ಲ. ಅಜ್ಜಿ ಹೆದರಿ ಮೈ ಮುಟ್ಟಿ ನೋಡಿದರು.

"ಏನಂದ್ರು?" ಎಂದು ಕೇಳಿದರು ಅಪ್ಪಯ್ಯ.

"ಕೇಳಿಸ್ಕೊಂಡ್ರು."

"ಆಮೇಲೆ?"

"ಮಜ್ಜಿಗೆ ಕೊಟ್ರು."

"ಅದಲ್ಲ ಮಾರಾಯ, ಹೂಂ ಅಂದ್ರಾ, ಊಹೂಂ ಅಂದ್ರಾ?"

"ವಾರದ ಮೆನು ಪೂರ್ತಿ ಒಪ್ಪಿಸ್ದೆ, ಯಾವ ಸಂಜೆ ಏನು ಅಂತ. ಆ ತಾಯಿ ಏನೂ ಹೇಳ್ಲಿಲ್ಲ."

ಮತ್ತೆ ಕಾಯುವುದು. ಮತ್ತೆ ಮೋಡ, ಗುಡುಗು, ಒಣ ಗಾಳಿ. ಈ ಸಲ ಮನಸ್ಸು ಬೇರೆ ಕಡೆ ಎಳೆಯಲು ಜಗಳವೂ ಇರಲಿಲ್ಲ. ಚಿಕ್ಕಪ್ಪ ಕೂತಲ್ಲಿ ಕೂತಿರುತ್ತಿದ್ದರು, ನಾವೆಲ್ಲ ಅವರ ಸುತ್ತ ಓಡಾಡುತ್ತಿದ್ದೆವು.

ಒಂದು ಶುಕ್ರವಾರ ಸಂಜೆ ನಾಯಿ ಬೊಗಳಿತು. ಬೇಲಿಯ ದಣಪೆಯ ಹತ್ತಿರ ಎತ್ತಿನ ಗಾಡಿ ನಿಂತಿತ್ತು. ಹಣೆಯ ತುಂಬ ವಿಭೂತಿ ಇಟ್ಟುಕೊಂಡ, ಗಟ್ಟಿ ಮೈಯ ಹೆಂಗಸೊಬ್ಬರು ಇಳಿದು ಬಂದರು. ಮೇಷ್ಟ್ರ ತಾಯಿ!

"ಹಿಂಗೇ ಹೋಗ್ತಿದ್ದೆ. ಬಾಯಾರ್ತು, ಒಂದು ಲೋಟ ನೀರು ಕುಡಿಯೋಣ ಅಂತ" ಎಂದರು.

ನಮ್ಮ ಮನೆಯಿಂದ ಮುಂದಕ್ಕೆ ದಾರಿಯೇ ಇಲ್ಲ. ಹೋಗುವವರು ಎಲ್ಲಿಗೆ ಹೋಗುತ್ತಾರೆ? ಅವರು ಯಾಕೆ ಬಂದರೆಂದು ಚಿಕ್ಕಪ್ಪನಿಗೆ ಕೂಡಲೇ ಹೊಳೆಯಿತು. ವಾರದ ಮೆನು ಆ ತಾಯಿಗೆ ಬಾಯಿಪಾಠ. ಹೇಳಿದ್ದು ನಿಜವೋ ಸುಳ್ಳೋ ಎಂದು ಒಲೆಯ ಮೇಲೆ ಇಣುಕಿ ನೋಡಲು ಬಂದಿದ್ದಾರೆ. ಶುಕ್ರವಾರ ಅಂದರೆ ಸೊಪ್ಪಿನ ಸಾರು. ಚಿಕ್ಕಪ್ಪನ ಕಾಲಿಗೆ ಜೀವ ಬಂತು. ಮನೆ ಸುತ್ತಿ ಹಿತ್ತಲ ಬಾಗಿಲಿಂದ ಅಡಿಗೆಮನೆಗೆ ನುಗ್ಗಿದರು. ನಾನು ಅಲ್ಲೇ ಇದ್ದೆ. ಆ ಪ್ರಶ್ನೆಯನ್ನು ನಮ್ಮ ಮನೆಯಿಂದಲೇ ಓಡಿಸುತ್ತೇನೆಂದು ಹೊರಟಿದ್ದ ಮನುಷ್ಯ ಏದುಸಿರು ಬಿಡುತ್ತಾ ಕೇಳಿದರು:

"ಅತ್ತಿಗೆ, ರಾತ್ರಿಗೆ ಏನ್ ಮಾಡ್ತಿದ್ದೀರಿ?"

"ಹಲಸಿನಕಾಯಿ ಹುಳಿ."

"ಶುಕ್ರವಾರ ಸೊಪ್ಪಿನ ಸಾರು ಅಂತ ಅವ್ರಿಗೆ ಹೇಳಿದೀನಲ್ಲ."

"ನನ್ನ ಕೇಳಿ ಹೇಳಿದ್ರೇನಪ್ಪ?"

ಪಾತ್ರೆಯನ್ನು ಹಿತ್ತಲಿಗೆ ಸುರಿಯಲೆಂದು ಚಿಕ್ಕಪ್ಪ ಕೈ ಹಾಕಿದರು. ಬಿಸಿ ತಾಗಿ ಬಿಟ್ಟರು. ಅಷ್ಟರಲ್ಲಿ ಆ ತಾಯಿ ಅಡಿಗೆಮನೆಯ ಬಾಗಿಲಿಗೇ ಬಂದಿದ್ದರು. ಅವರ ಹಿಂದೆ ನೀರಿನ ಚೊಂಬು ಹಿಡಿದು ಅಕ್ಕ, ಅವಳ ಹಿಂದೆ ಅಪ್ಪಯ್ಯ, ಅಜ್ಜಿ. ಬಂದವರು ನೇರ ಒಲೆಯ ಹತ್ತಿರ ಹೋಗಿ ಮುಚ್ಚಳ ತೆಗೆದರು. ಎಳೆ ಹಲಸಿನಕಾಯಿಯ ಹೋಳು ಖಾರ ಮಸಾಲೆಯಲ್ಲಿ ಬೆಂದರೆ, ಹೊಗೆ ತುಂಬಿದ ಅಡಿಗೆಮನೆಯಲ್ಲಿ ಹೇಗೆ ಕಾಣುತ್ತದೆಂದು ನೋಡಿದವರಿಗೆ ಗೊತ್ತು. ನಾರುನಾರಾಗಿ, ಕಂದುಕೆಂಪಾಗಿ, ನಮಗೇ ಅನುಮಾನ ಬರಬೇಕು!

ಅವರು ಬಗ್ಗಿ ನೋಡಿದರು. ಮೂಸಿದರು. ಸೌಟಿನಿಂದ ಒಂದು ಹೋಳು ತೆಗೆದು ಅಂಗೈಗೆ ಹಾಕಿಕೊಂಡು, ಊದಿ, ಬಾಯಿಗೆ ಹಾಕಿಕೊಂಡರು. ಚಿಕ್ಕಪ್ಪ ಒಂದು ಕಾಲ ಮೇಲೆ ನಿಂತವರು ಇನ್ನೊಂದು ಕಾಲು ಊರಲೂ ಮರೆತಿದ್ದರು.

"ಮೆನು ತಪ್ಪೋಯ್ತಲ್ಲ ರೈಟ್ರೇ" ಎಂದರು ಆ ತಾಯಿ, ಆ ಪದವನ್ನು ಒಂದಿಷ್ಟೂ ತಪ್ಪದೆ. "ಇವತ್ತು ಸೊಪ್ಪಿನ ಸಾರು ಅಂದಿದ್ರಿ."

ಚಿಕ್ಕಪ್ಪ ಎತ್ತಿದ್ದ ಕಾಲನ್ನು ಮೆಲ್ಲಗೆ ಊರಿದರು.

"ಒಳ್ಳೇದೇ ಆಯ್ತು. ಸುಳ್ಳು ಹೇಳೋ ಮನೆಯೋರಾಗಿದ್ರೆ ನಾನು ಬತ್ತೀನಿ ಅಂತ ದಿನಾ ನೀವು ಹೇಳಿದ್ದನ್ನೇ ಮಾಡಿ ಇಟ್ಟಿರ್ತಿದ್ರಿ." ಆಮೇಲೆ ತಿರುಗಿ ಅಕ್ಕನ ಕಡೆ ನೋಡಿದರು. "ಉಪ್ಪು ಕಮ್ಮಿ ಅದೆ. ತಾರವ್ವ."

ಅಕ್ಕ ಉಪ್ಪಿನ ಮರಿಗೆಯನ್ನೇ ಎತ್ತಿಕೊಂಡು ಓಡಿಬಂದಳು. ಅವಳ ಮದುವೆ ಗೊತ್ತಾದದ್ದು ಹೀಗೆ. ಆ ರಾತ್ರಿ ಬೀಗಿತ್ತಿ ನಮ್ಮಲ್ಲೇ ಉಂಡರು, ಮೂರು ಸಲ ಹುಳಿ ಬಡಿಸಿಕೊಂಡರು. ಅಪ್ಪಯ್ಯ ಶುಕ್ರವಾರವೂ ಮುದ್ದೆ ಕೇಳಿ ಮಾಡಿಸಿಕೊಂಡರು.

ಮದುವೆ ವೈಶಾಖದಲ್ಲಿ ಆಯಿತು. ಅದರ ಹಿಂದಿನ ವಾರ ಮಳೆಯೂ ಬಂತು. ಮದುವೆಯ ಅಡಿಗೆಯ ವಿಚಾರದಲ್ಲಿ ಚಿಕ್ಕಪ್ಪ ಬಾಯಿ ಬಿಡಬಾರದೆಂದು ಅಜ್ಜಿ ಆಣೆ ಹಾಕಿಸಿಕೊಂಡಿದ್ದರು. ಅಕ್ಕನನ್ನು ಗಾಡಿ ಹತ್ತಿಸುವಾಗ ಚಿಕ್ಕಪ್ಪ ಕಾಣಲಿಲ್ಲ. ಆ ಹೊತ್ತಿನಲ್ಲೂ ಎಲ್ಲೋ ತಿರುಗಲು ಹೋಗಿದ್ದಾರೆಂದು ನಾನು ಬೈದುಕೊಂಡೆ. ಆಮೇಲೆ ದೊರೆ ಬಂದರು, ರೈಟರು ಸಿದ್ದಾಪುರಕ್ಕೆ ಹೋದರು.

ಮುಂದಿನ ಬೇಸಿಗೆ ನಾನು ಅಕ್ಕನ ಮನೆಗೆ ಹೋಗಿದ್ದೆ. ಆ ಅತ್ತೆಯ ಮನೆಯಲ್ಲಿ ರಾತ್ರಿಗೆ ಏನು ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಅತ್ತೆ ಉಗ್ರಾಣದಿಂದ ಅಳೆದು ತಂದು ಇಡುತ್ತಾರೆ, ಅಕ್ಕ ಬೇಯಿಸುತ್ತಾಳೆ, ಮನೆಮಂದಿ ಉಣ್ಣುತ್ತಾರೆ. ಭಾವ ಒಳ್ಳೆಯವರು, ಆದರೆ ಎಲೆಯ ಮೇಲೆ ಏನಿದೆ ಎಂದು ನೋಡದೆ ಉಣ್ಣುವ ಮೇಷ್ಟ್ರು. ಅಕ್ಕ ಇನ್ನೂ ಮೆತ್ತಗಾಗಿದ್ದಳು. ನನಗೆ ಒಳಗೊಳಗೇ ಕಸಿವಿಸಿ. ಇದಕ್ಕೋ ನಾವು ಅಷ್ಟು ಹಂಬಲಿಸಿದ್ದು ಎನ್ನಿಸಿ, ಎರಡು ದಿನ ಕೂತಲ್ಲಿ ಕೂರಲಾರದೆ ಒದ್ದಾಡಿದೆ.

ಗುರುವಾರ ಸಂಜೆ ನಾನೂ ಅಕ್ಕನೂ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದೆವು. ಅತ್ತೆ ಬಂದು ಅವಳ ಎದುರು ನಿಂತರು.

"ಇವತ್ತು ಗುರುವಾರ. ಏನ್ ಮಾಡೋಣ ಹೇಳವ್ವ."

"ಏನಾದ್ರೂ ಆಯ್ತದೆ ಅತ್ತೆ."

"ಏನಾದ್ರೂ ಅನ್ನೋದು ಅಡಿಗೆ ಅಲ್ಲ ಕಣವ್ವ. ನೀನು ಹೇಳೋ ತನಕ ನಾನು ಒಳಗೆ ಹೋಗಲ್ಲ" ಎಂದು ಅತ್ತೆ ಅಲ್ಲೇ ಮೆಟ್ಟಿಲ ಮೇಲೆ ಕೂತರು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದುದನ್ನು ಕಂಡು ನನಗೆ ಹೇಳಿದರು: "ನಿಮ್ಮ ಚಿಕ್ಕಪ್ಪ ಅವತ್ತು ಬಂದಿದ್ರಲ್ಲ, ಮೀನಿನ ವಿಚಾರ ಎಲ್ಲ ಹೇಳಿ ಮುಗ್ಸಿ ಹೊರಟ್ರು. ಅಗೋ, ಆ ಬೇಲಿ ದಾಟಿದೋರು ತಿರುಗಿ ಬಂದ್ರು. 'ಅಮ್ಮಾ, ಈ ಸಂಬಂಧ ಆದ್ರೂ ಆಯ್ತು, ಬಿಟ್ರೂ ಬಿಡ್ತು. ಆದ್ರೆ ಒಂದು ಮಾತು. ನಮ್ಮ ಹುಡುಗಿ ಬಾಯಿ ಬಿಟ್ಟು ಏನೂ ಕೇಳೋಳಲ್ಲ, ಹಾಕಿದ್ದು ಉಣ್ತಾಳೆ. ವಾರಕ್ಕೆ ಒಂದು ಸಂಜೆ ನೀವೇ ಅವಳನ್ನ ಕೇಳಿ' ಅಂತ ಕೈ ಮುಗುದ್ರು. ಬಿಸಿಲಲ್ಲಿ ನಿಂತೇ ಇದ್ರು. ನಾನು ಹೂಂ ಅಂದ್ಮೇಲೆ ಹೋದ್ರು."

ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ತಲೆ ಎತ್ತದೆ, "ಬದನೆಕಾಯಿ ಸುಟ್ಟು ಗೊಜ್ಜು ಮಾಡೋಣ ಅತ್ತೆ, ರೊಟ್ಟಿಗೆ" ಎಂದಳು.

ಅಜ್ಜಿಗೆ ನಂಜು ಎಂದು ನಮ್ಮ ಮನೆಗೆ ಬದನೆಕಾಯಿ ತರುತ್ತಲೇ ಇರಲಿಲ್ಲ. ಅಕ್ಕನಿಗೆ ಅದು ಇಷ್ಟ ಎಂದು ಅವ್ವನಿಗೆ ಗೊತ್ತಿರಲಿಲ್ಲ, ಒಂದೇ ಚಾಪೆಯ ಮೇಲೆ ಮಲಗುತ್ತಿದ್ದ ನನಗೂ ಗೊತ್ತಿರಲಿಲ್ಲ. ಅಷ್ಟು ವರ್ಷ ನಮ್ಮ ಮನೆಯಲ್ಲಿ ಅವಳನ್ನು ಯಾರೂ ಕೇಳಿರಲಿಲ್ಲ. ಒಂದು ಬೇಸಿಗೆ ಮೆನು ಹಾಕಿದ ಚಿಕ್ಕಪ್ಪನೂ ಕೇಳಿರಲಿಲ್ಲ. ಅದು ಅವರಿಗೆ ಆ ಬೇಲಿ ದಾಟಿದ ಮೇಲೆ ಹೊಳೆದಿತ್ತು; ಹೊಳೆದ ಕೂಡಲೇ ತಿರುಗಿ ಬಂದಿದ್ದರು.